ಕುಕ್ಕರ್ ಹಿಡಿ ಮತ್ತು ಚನ್ನಪಟ್ಟಣದ ಬುಗುರಿ

ಊರಿನ ಮನೆಯ ಕಪ್ಪು ಗುಂಡು ಸ್ವಿಚ್ ನೆನಪಿದೆಯೇ? ಅದು ಬೇಕಲೈಟ್.

ಅದಕ್ಕೂ ಮೊದಲು ವಿದ್ಯುತ್ ನಿರೋಧಕಕ್ಕೆ ಭಾರತದ ಅರಗು ಬೇಕಿತ್ತು. ಅರಗೆಂದರೆ ಮರದ ಮೇಲಿನ ಪುಟ್ಟ ಕೀಟಗಳು ಸ್ರವಿಸುವ ಅಂಟು. ಬೇಡಿಕೆ ಹೆಚ್ಚಿ ಬೆಲೆ ಏರಿತು. ಬದಲಿ ಹುಡುಕುತ್ತಿದ್ದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಫೀನಾಲ್, ಫಾರ್ಮಾಲ್ಡಿಹೈಡ್ ಸೇರಿಸಿ, ಶಾಖ, ಒತ್ತಡ ಕೊಟ್ಟು ಮೊದಲ ಸಂಪೂರ್ಣ ಕೃತಕ ಪ್ಲಾಸ್ಟಿಕ್ ಮಾಡಿದರು. ಅದರ ಅಣುಗಳು ಬಲೆಯಂತೆ ಹೆಣೆದುಕೊಳ್ಳುವುದರಿಂದ ಕಾಯಿಸಿದರೂ ಕರಗದು. ಕುಕ್ಕರ್ ಹಿಡಿಗೆ ಅನುಕೂಲ. ಆದರೆ ಕರಗಿಸಿ ಬೇರೆ ವಸ್ತು ಮಾಡಲಾಗದು.

ಅರಗು ಬಿಸಿಗೆ ಕರಗುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಅಂಟುತ್ತದೆ.

ಸಿಯಾಟಲ್‌ನ ನಮ್ಮ ಅಡುಗೆಮನೆಯಲ್ಲಿ ಮಗಳಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಯಾವುದಕ್ಕೆ ಮತ್ತೆ ಹೊಸ ಮೆರುಗು ಕೊಡಬಹುದೆಂದು ನಿಮ್ಮ ಮಕ್ಕಳನ್ನೂ ಕೇಳಿ.