ಗೆರೆ ಬಿದ್ದ ಪ್ಲೇಟು

ಪ್ರಶ್ನೆ: ನಮ್ಮದು ಜೇವರ್ಗಿ ತಾಲೂಕಿನ ಹಳ್ಳಿ. ನನಗೆ 48 ವರ್ಷ, ಶಾಲಾ ಮಾಸ್ತರ. ಅಪ್ಪ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಹಾರ್ನು, ಗ್ರಾಮಫೋನ್ ಪ್ಲೇಟಿನ ಪೆಟ್ಟಿಗೆ ಹೇರಿಕೊಂಡು ಅಫಜಲಪುರ, ಆಳಂದ ಕಡೆಯ ಮದುವೆ, ಜಾತ್ರೆಗಳಿಗೆಲ್ಲ ಹೋಗುತ್ತಿದ್ದರು. ಸೂಟಿಯಲ್ಲಿ ನಾನೂ ಬೆನ್ನು ಹತ್ತುತ್ತಿದ್ದೆ. ಕ್ಯಾಸೆಟ್ ಬಂದ ಮೇಲೆ ಆ ದಂಧೆ ನಿಂತಿತು. 46 ಪ್ಲೇಟು ಮನೆಯಲ್ಲಿ ಉಳಿದವು. ಅಪ್ಪ ತೀರಿಕೊಂಡು ಎರಡು ವರ್ಷ. ಆಗಿನಿಂದ ನನಗೆ ಪ್ಲೇಟು ಕೊಳ್ಳುವ ಹುಚ್ಚು ಹತ್ತಿದೆ. ಮುನ್ನೂರು ದಾಟಿವೆ. ಹೆಂಡತಿಗೆ ಹೇಳದೆ ಸೊಸೈಟಿಯಲ್ಲಿ ಸಾಲ ತೆಗೆದಿದ್ದೇನೆ. ಅಪ್ಪನ ಪ್ಲೇಟುಗಳಲ್ಲಿ ಭೀಮಸೇನ ಜೋಶಿಯವರ ದಾಸರ ಪದದ್ದೊಂದಿದೆ. ಅದಕ್ಕೆ ಗೆರೆ ಬಿದ್ದು, ಸೂಜಿ ಅದೇ ಶಬ್ದಕ್ಕೆ ಮರಳಿ ಮರಳಿ ಬರುತ್ತದೆ. ಅಲ್ಲಿಗೆ ಬಂದಾಗ ಅಪ್ಪ ಸೂಜಿಯ ತಲೆ ಮೇಲೆ ನಾಲ್ಕಾಣೆ ಇಡುತ್ತಿದ್ದರು. ಆ ಒಂದನ್ನು ಹಚ್ಚಲು ನನಗೆ ಧೈರ್ಯವಿಲ್ಲ. ಅದೇ ಪ್ಲೇಟು, ಗೆರೆ ಇಲ್ಲದ್ದು, ಸೊಲ್ಲಾಪುರದಲ್ಲಿ ಒಂದು, ಪುಣೆಯಲ್ಲಿ ಎರಡು ಕೊಂಡೆ. ಹಾಡು ಬರುತ್ತದೆ, ಅಪ್ಪ ಬರುವುದಿಲ್ಲ. ನಾನು ಪ್ಲೇಟು ಹಚ್ಚಿದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ. ತಮ್ಮ ‘ಗುಜರಿಗೆ ಹಾಕು’ ಎನ್ನುತ್ತಾನೆ. ನನಗೆ ತಲೆ ಕೆಟ್ಟಿದೆಯೇ?

ಉತ್ತರ: ಇಲ್ಲ, ನಿಮಗೆ ತಲೆ ಕೆಟ್ಟಿಲ್ಲ. ನಿಮಗೆ ಅಪ್ಪ ಬೇಕಾಗಿದ್ದಾರೆ. ‘ಹಾಡು ಬರುತ್ತದೆ, ಅಪ್ಪ ಬರುವುದಿಲ್ಲ’ ಎಂಬ ಮಾತನ್ನು ಓದಿ ನಾನು ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಎರಡು ವರ್ಷದ ಅಲೆದಾಟವೆಲ್ಲ ಆ ಒಂದು ಮಾತಿನಲ್ಲಿದೆ, ಅದರ ಉತ್ತರವೂ ಅಲ್ಲೇ ಇದೆ.

ಸದ್ದಿಗೆ ವಿಚಿತ್ರ ಶಕ್ತಿಯಿದೆ. ಫೋಟೋ ನೋಡುವಾಗ ಅಪ್ಪ ಇದ್ದರು ಅನ್ನಿಸುತ್ತದೆ. ಪ್ಲೇಟು ತಿರುಗತೊಡಗಿದರೆ, ಆ ಮೊದಲ ಕರಕರ ಸದ್ದಿಗೇ, ಅಪ್ಪ ಪಕ್ಕದ ಕೋಣೆಯಲ್ಲಿದ್ದಾರೆ ಅನ್ನಿಸುತ್ತದೆ. ನಿಮ್ಮ ಎಚ್‌ಎಂವಿ ಪ್ಲೇಟುಗಳ ನಡುವಿನ ಚೀಟಿಯ ಮೇಲೆ ನಾಯಿ ಇದೆಯಲ್ಲ, ಅದು ನಿಜವಾಗಿ ಇದ್ದ ನಾಯಿ. ಹೆಸರು ನಿಪ್ಪರ್. ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಚಿತ್ರಕಾರನ ಅಣ್ಣ ಸಾಕಿದ್ದು. 1887ರಲ್ಲಿ ಅಣ್ಣ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿತು. ಯಜಮಾನನನ್ನು ಕಳೆದುಕೊಂಡ ಆ ಜೀವ ಗ್ರಾಮಫೋನಿನ ಕೊಳವೆಯ ಬಾಯಿಗೆ ಕಿವಿಯಿಟ್ಟು ಕೂತ ಚಿತ್ರವೇ ಲಕ್ಷಾಂತರ ಪ್ಲೇಟುಗಳ ಮೇಲೆ ಹೋಯಿತು. ನೀವು ಪ್ಲೇಯರಿನ ಮುಂದೆ ಕೂರುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

‘ಎರಡು ವರ್ಷವಾಯಿತು, ಮರೆತುಬಿಡು’ ಎಂದು ನಿಮಗೆ ಹಲವರು ಹೇಳಿರಬಹುದು. ನಾನು ಹೇಳುವುದಿಲ್ಲ. ಸತ್ತವರ ನಂಟು ಕಡಿದುಕೊಂಡರೇ ದುಃಖ ಮುಗಿಯುತ್ತದೆ ಎಂದು ಮನಃಶಾಸ್ತ್ರವೂ ಬಹುಕಾಲ ನಂಬಿತ್ತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಅವರ ಇಬ್ಬರು ಸಂಗಡಿಗರು ಅಮೆರಿಕದಲ್ಲಿ ಹೊರತಂದ ಪುಸ್ತಕ ಬೇರೆಯದನ್ನೇ ಹೇಳಿತು: ಆ ನಂಟು ಮುಗಿಯುವುದಿಲ್ಲ, ರೂಪ ಬದಲಿಸುತ್ತದೆ, ಅದು ರೋಗವೂ ಅಲ್ಲ. ಹಿರಿಯರಿಗೆ ಎಡೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುವ ನಮ್ಮ ಮನೆಗಳಿಗೆ ಇದು ಹೊಸ ಮಾತಲ್ಲ.

ಹಾಗಾದರೆ ಮುನ್ನೂರು ಪ್ಲೇಟು ಬಂದರೂ ಅಪ್ಪ ಯಾಕೆ ಬರಲಿಲ್ಲ? ನೀವು ಕೊಂಡ ಮೂರು ಹೊಸ ಪ್ರತಿಗಳು ಜೋಶಿಯವರನ್ನು ಚೆನ್ನಾಗಿ ಕೇಳಿಸುತ್ತವೆ. ಆದರೆ ನಿಮ್ಮ ನೆನಪಿನಲ್ಲಿ ಕೂತಿರುವುದು ಆ ಹಾಡಷ್ಟೇ ಅಲ್ಲ. ಹಾಡು ಒಂದೇ ಶಬ್ದಕ್ಕೆ ಸಿಕ್ಕಿಕೊಳ್ಳುವುದು, ಚಪ್ಪರದ ಕೆಳಗಿನ ಮಂದಿ ತಿರುಗಿ ನೋಡುವುದು, ಅಪ್ಪ ಅಂಗಿಯ ಕಿಸೆಗೆ ಕೈ ಹಾಕುವುದು, ನಾಣ್ಯ ಕೂತ ಕೂಡಲೇ ಹಾಡು ಮುಂದೆ ಸಾಗುವುದು. ನಿಮ್ಮ ಅಪ್ಪ ಇರುವುದು ಆ ಗೆರೆಯಲ್ಲಿ. ಗೆರೆಯಿಲ್ಲದ ಪ್ಲೇಟಿನಲ್ಲಿ ಅವರಿಗೆ ಕೆಲಸವೇ ಇಲ್ಲ. ನೀವು ಅವರನ್ನು ಸೊಲ್ಲಾಪುರದಲ್ಲಿ, ಪುಣೆಯಲ್ಲಿ ಹುಡುಕುತ್ತಿದ್ದೀರಿ. ಅವರು ನಿಮ್ಮ ಪಡಸಾಲೆಯಲ್ಲೇ ಇದ್ದಾರೆ. ಅದನ್ನು ಹಚ್ಚಿದರೆ ಸವೆದುಹೋದೀತು ಎಂಬ ಭಯ ಒಂದು. ಹಚ್ಚಿದ ಮೇಲೂ ಅಪ್ಪ ಬರದಿದ್ದರೆ ಎಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದು ಎಂದು ನನ್ನ ಊಹೆ. ಕೊಳ್ಳುತ್ತಾ ಇರುವವರೆಗೆ ಆ ಪರೀಕ್ಷೆಯನ್ನು ಮುಂದೂಡಬಹುದು, ಅಲ್ಲವೇ?

ಇನ್ನು ಅವ್ವನ ಮಾತು. ಅವರು ಎದ್ದು ಒಳಗೆ ಹೋಗುವುದನ್ನು ನೀವು ಬೇಸರ ಎಂದು ಓದಿದ್ದೀರಿ. ಯಾಕೆ ಹೋಗುತ್ತೀರಿ ಎಂದು ಕೇಳಿದ್ದೀರಾ? ಮಗನ ಮುಂದೆ ಅಳಬಾರದೆಂದು ಒಳಗೆ ಹೋಗುವ ತಾಯಂದಿರು ಬಹಳ ಮಂದಿ. ನೀವು ಕಳೆದುಕೊಂಡದ್ದು ಅಪ್ಪನನ್ನು. ಅವರು ಕಳೆದುಕೊಂಡದ್ದು ಜೀವನಪೂರ್ತಿ ಜೊತೆಗಿದ್ದವರನ್ನು. ಇಬ್ಬರೂ ಒಂದೇ ಸೂರಿನ ಕೆಳಗೆ ಬೇರೆ ಬೇರೆ ಕೋಣೆಯಲ್ಲಿ ಅಳುತ್ತಿದ್ದೀರಿ. ‘ಗುಜರಿಗೆ ಹಾಕು’ ಎಂಬ ತಮ್ಮನ ಮಾತೂ ಒರಟಾಗಿದೆ ನಿಜ, ಆದರೆ ಆ ಹಾಡು ಕೇಳಲು ಅವನಿಗೂ ಆಗುತ್ತಿಲ್ಲವೇನೋ.

ನಿಮ್ಮ ಅಪ್ಪ ಒಬ್ಬರೇ ಕೂತು ಪ್ಲೇಟು ಕೇಳಿದವರಲ್ಲ. ಇಡೀ ಊರಿಗೆ ಕೇಳಿಸಿದವರು. ನಿಮ್ಮ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನೇ ನೋಡಿ. ಅವರ ಕಾಲಕ್ಕೆ ಪ್ಲೇಟು ಇರಲಿಲ್ಲ, ಮೈಕೂ ಇರಲಿಲ್ಲ. ಭಜನೆಗೆ ಕೂತವರು ಒಬ್ಬರ ಬಾಯಿಂದ ಒಬ್ಬರು ಕಲಿತು, ತಾಳ ಹಾಕಿ, ರಾತ್ರಿಯಿಡೀ ಹಾಡಿ ಅವನ್ನು ಇಲ್ಲಿಯ ತನಕ ತಂದರು. ಬೀಗ ಹಾಕಿ ಇಟ್ಟಿದ್ದರೆ ಒಂದು ಪದವೂ ಉಳಿಯುತ್ತಿರಲಿಲ್ಲ.

ಈಗ ಮಾಡಬೇಕಾದ ಕೆಲಸ. ಮೊದಲನೆಯದು ಕಠಿಣ, ಆದರೆ ಅದನ್ನು ಬಿಟ್ಟು ಉಳಿದದ್ದು ಸಾಗದು: ಸಾಲದ ಸಂಗತಿಯನ್ನು ಈ ವಾರವೇ ಹೆಂಡತಿಗೆ ಹೇಳಿ. ಪೂರ್ತಿ ಮೊತ್ತ ಹೇಳಿ, ಅರ್ಧ ಬೇಡ. ಪ್ಲೇಟು ಕೊಂಡದ್ದು ತಪ್ಪಲ್ಲ. ಮುಚ್ಚಿಟ್ಟದ್ದು ನಿಮ್ಮನ್ನು ಒಳಗೊಳಗೇ ತಿನ್ನುತ್ತಿದೆ, ಮನೆಯನ್ನೂ ತಿನ್ನುತ್ತದೆ. ಅವರಿಗೆ ಸಿಟ್ಟು ಬರಬಹುದು, ಬರಲಿ. ಆಮೇಲೆ ಮೂರು ತಿಂಗಳು ಒಂದೂ ಪ್ಲೇಟು ಕೊಳ್ಳಬೇಡಿ. ಕೈ ತುರಿಸಿದಾಗ ಅಪ್ಪನ 46ರಲ್ಲಿ ಒಂದನ್ನು ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ಅದರ ಕಥೆ ಬರೆಯಿರಿ. ಯಾವ ಊರಿನ ಮದುವೆಯಲ್ಲಿ ಹಚ್ಚಿದ್ದು, ಯಾರು ‘ಮತ್ತೊಮ್ಮೆ ಹಚ್ರೀ’ ಎಂದದ್ದು, ಮಳೆ ಬಂದಾಗ ಆ ಪೆಟ್ಟಿಗೆಗೆ ಏನು ಹೊದಿಸಿದ್ದು. ನಿಮಗೆ ನೆನಪಿಲ್ಲದ್ದನ್ನು ಅವ್ವನನ್ನು ಕೇಳಿ. ಮೂರು ತಿಂಗಳು ಕಳೆದ ಮೇಲೂ ಆಸೆ ಇದ್ದರೆ, ತಿಂಗಳಿಗೆ ಇಷ್ಟೇ ಎಂದು ಗಂಡ ಹೆಂಡತಿ ಕೂತು ನಿಗದಿ ಮಾಡಿಕೊಳ್ಳಿ. ಬೇಡವೆನಿಸಿದವನ್ನು ಬೇರೆ ಸಂಗ್ರಹಕಾರರಿಗೆ ಮಾರಿ ಸಾಲ ಇಳಿಸಬಹುದು, ಗುಜರಿ ಬೇಡ.

ಗೆರೆ ಬಿದ್ದ ಪ್ಲೇಟು ಸವೆಯುವ ಭಯಕ್ಕೆ ಮದ್ದಿದೆ. ಹೊಸ ಸೂಜಿ ಹಾಕಿಸಿ, ಪ್ಲೇಯರಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ ಒಮ್ಮೆ ಮುದ್ರಿಸಿಕೊಳ್ಳಿ. ಕರಕರ ಸದ್ದು ತೆಗೆಸಬೇಡಿ, ಗೆರೆ ಹಾಗೇ ಇರಲಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೇರ ನಿಲ್ಲಿಸಿ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ನಿಮ್ಮ ಕಡೆ ತಗಡಿನ ಸೂರಿನ ಕೆಳಗಿಟ್ಟರೆ ಅವು ಸೊಟ್ಟಗಾಗುತ್ತವೆ. ಹಳೆಯ 78ರ ವೇಗದ ಗಡಸು ಪ್ಲೇಟುಗಳಿದ್ದರೆ ಸ್ಪಿರಿಟ್ ಹಚ್ಚಿ ಒರೆಸಲೇಬೇಡಿ. ಅವನ್ನು ಅರಗಿನಿಂದ ಮಾಡಿದ್ದು. ಸ್ಪಿರಿಟ್‌ಗೆ ಅರಗು ಕರಗುತ್ತದೆ.

ಇನ್ನೊಂದು ಮಾತು. ಇದೇ ದುಃಖದಲ್ಲಿ ಇರುವ ಬೇರೆಯವರೂ ಕೇಳಿಸಿಕೊಳ್ಳಲಿ ಎಂದು ಹೇಳುತ್ತೇನೆ. ಅಗಲಿಕೆಯ ನೋವು ತಿಂಗಳುಗಟ್ಟಲೆ ಸ್ವಲ್ಪವೂ ತಗ್ಗದೆ ನಿದ್ದೆ, ಊಟ, ಕೆಲಸ ಕೆಡಿಸಿದರೆ, ಕೊಳ್ಳುವುದನ್ನು ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿದ್ದರೆ, ಬದುಕು ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಸರಿ, ಒಬ್ಬರೇ ಹೊರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ಮಾತಾಡಬೇಕೆಂದರೆ ಕಲಬುರಗಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ನಿಮ್ಮ ಕಾಗದದಲ್ಲಿ ನಿದ್ದೆಯ ಮಾತಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂಬುದನ್ನು ನೀವೇ ಪ್ರಾಮಾಣಿಕವಾಗಿ ನೋಡಿಕೊಳ್ಳಿ.

ಎಳ್ಳಮವಾಸ್ಯೆಗೆ ನಿಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭಜ್ಜಿ, ಸಜ್ಜಿ ರೊಟ್ಟಿಯ ಬುತ್ತಿಯ ಜೊತೆ ಆ ಪ್ಲೇಯರನ್ನೂ ಬಂಡಿಯಲ್ಲಿ ಇಟ್ಟುಕೊಂಡು ಹೋಗುವ ದಿನ ಬಂದೀತು. ಅಲ್ಲಿಯ ತನಕ ಕಾಯಬೇಕಿಲ್ಲ. ಈ ಭಾನುವಾರ ಸಂಜೆ ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ, ತಮ್ಮನನ್ನೂ ಕರೆಯಿರಿ, ಆ ಪ್ಲೇಟು ಹಚ್ಚಿ. ಯಾರಿಗೆ ಅಳು ಬಂದರೂ ನಿಲ್ಲಿಸಬೇಡಿ. ನಾಲ್ಕಾಣೆಯ ಚಲಾವಣೆ 2011ಕ್ಕೇ ನಿಂತಿದೆ, ಆದರೆ ಅಪ್ಪನ ಪೆಟ್ಟಿಗೆಯಲ್ಲಿ ಹುಡುಕಿದರೆ ಒಂದು ಸಿಕ್ಕೀತು. ಗೆರೆ ಬಂದಾಗ ಅದನ್ನು ಅವ್ವನ ಕೈಗೆ ಕೊಡಿ. ಆಮೇಲೆ ನನಗೊಂದು ಕಾಗದ ಬರೆಯಿರಿ.