ಲಕ್ಷ್ಯವೂ ಹುಕುಮೂ

ಕನ್ನಡದಲ್ಲಿ ‘ಲಕ್ಷ್ಯ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಬಾಣವನ್ನಾಗಲಿ ಗುಂಡನ್ನಾಗಲಿ ಬಿಡುವವನು ಇಟ್ಟುಕೊಂಡ ಗುರಿ ಎಂಬುದು ಒಂದು. ಮನಸ್ಸಿಟ್ಟು ನೋಡುವಿಕೆ ಎಂಬುದು ಇನ್ನೊಂದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಯಾವ ಶಾಲೆಯಲ್ಲಿಯಾದರೂ ಗುರುಗಳು ‘ಲಕ್ಷ್ಯ ಕೊಟ್ಟು ಕೇಳ್ರಿ’ ಎಂದು ಹೇಳುವುದು ಎರಡನೆಯ ಅರ್ಥದಲ್ಲಿ. ಎರಡಕ್ಕೂ ಸಂಸ್ಕೃತದ ಒಂದೇ ಧಾತು ಮೂಲ. ಕಾಣು, ಗುರುತಿಸು ಎಂಬುದು ಅದರ ಅರ್ಥ. ಕಂಡು ಗುರುತಿಸದೆ ಎಸೆಯಬಾರದೆಂಬ ವಿವೇಕವು ಶಬ್ದದೊಳಗೇ ಅಡಗಿದೆ.

ಈ ವಿವೇಕ ತಪ್ಪಿದಾಗ ಏನಾಗುವುದೆಂಬುದಕ್ಕೆ ರಾಮಾಯಣದ ದಶರಥನೇ ನಿದರ್ಶನ. ಆತನು ಶಬ್ದವೇಧಿ ವಿದ್ಯೆಯಲ್ಲಿ ನಿಪುಣ. ಸರಯೂತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಬಾಣ ಬಿಟ್ಟನು. ಬಾಣ ತಪ್ಪಲಿಲ್ಲ, ಆದರೆ ಬಿದ್ದವನು ಮುನಿಕುಮಾರ. ಕೈಯ ಕೌಶಲವಿತ್ತು, ಕಣ್ಣಿನ ಲಕ್ಷ್ಯವಿರಲಿಲ್ಲ. ದೂರದಿಂದ ಗುಂಡು ಹಾರಿಸುವ ಯೋಧನ ವಿದ್ಯೆಯನ್ನೂ, ದೂರದಿಂದ ಹುಕುಂ ಹೊರಡಿಸುವ ದಫ್ತರದ ವ್ಯವಹಾರವನ್ನೂ ಒಟ್ಟಿಗೆ ವಿಚಾರಿಸುವಾಗ ಈ ಕಥೆ ನೆನಪಿನಲ್ಲಿರಬೇಕು.

ಬಂದೂಕು, ಹುಕುಂ, ದಫ್ತರ, ಪರವಾನಗಿ ಈ ನಾಲ್ಕೂ ಶಬ್ದಗಳು ಅರಬ್ಬೀ ಪಾರಸೀ ಮೂಲದವು. ವಿಜಾಪುರದ ಆದಿಲಶಾಹಿ, ಅನಂತರ ಪೇಶವೆ ಆಳಿಕೆಗಳ ಕಾಲದಲ್ಲಿ ಈ ಸೀಮೆಯ ಮಾತಿನಲ್ಲಿ ಬೇರೂರಿದವು. ಬಂದೂಕು ಬಂದ ದಾರಿಯಲ್ಲಿಯೇ ದಫ್ತರವೂ ಬಂದಿತೆಂಬುದು ಗಮನಾರ್ಹ. ಅಂದಿನಿಂದ ಇಂದಿನವರೆಗೆ ಒಂದನ್ನು ಬಿಟ್ಟು ಒಂದಿಲ್ಲ.

ದೂರದ ಗುರಿಯ ಸ್ವರೂಪ

ಹಳೆಯ ಜಾಮಗಿ ಬಂದೂಕಿನ ನಳಿಗೆಯ ಒಳಮೈ ನುಣುಪು. ಉರಿಯುವ ಹುರಿಯನ್ನು ಮದ್ದಿಗೆ ತಾಗಿಸಿದರೆ ಗುಂಡು ಹೊರಡುತ್ತಿತ್ತು. ನೂರು ಹೆಜ್ಜೆಗಳಾಚೆ ಅದು ಎತ್ತ ಹೋಗುವುದೆಂದು ಹೇಳುವುದು ಕಠಿಣ. ಇಂಗ್ಲೆಂಡಿನಲ್ಲಿ ೧೮೫೩ರಲ್ಲಿ ಸಿದ್ಧವಾದ ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗೆ ಸುರುಳಿಯಾದ ಗೀರುಗಳಿದ್ದವು. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಸಾಗುತ್ತಿತ್ತು. ನೂರಾರು ಗಜ ದೂರದ ಗುರಿಯೂ ಸಾಧ್ಯವಾಯಿತು. ಅಡಗಿ ಕುಳಿತು ದೂರದಿಂದ ಹೊಡೆಯುವವನಿಗೆ ಇಂಗ್ಲಿಷರು ಇಟ್ಟ ‘ಸ್ನೈಪರ್’ ಎಂಬ ಹೆಸರೂ ಭಾರತದ ನೆಲದ್ದೇ. ಸ್ನೈಪ್ ಎಂಬ ಕೆಸರುಹಕ್ಕಿ ಚಿಕ್ಕದು, ಅಂಕುಡೊಂಕಾಗಿ ಹಾರುವಂಥದು. ಅದನ್ನು ಬೇಟೆಯಾಡುವುದನ್ನು ಇಲ್ಲಿದ್ದ ಆಂಗ್ಲ ಅಧಿಕಾರಿಗಳು ೧೭೭೦ರ ದಶಕದ ತಮ್ಮ ಪತ್ರಗಳಲ್ಲಿ ‘ಸ್ನೈಪಿಂಗ್’ ಎಂದು ಕರೆದರು.

ಈ ವಿದ್ಯೆಯಲ್ಲಿ ಕುದುರೆ ಎಳೆಯುವುದು ಕಟ್ಟಕಡೆಯ ಕೆಲಸ. ಸಾವಿರ ಮೀಟರ್ ದೂರವನ್ನು ಕ್ರಮಿಸಲು ಇಂದಿನ ಬಲವಾದ ಗುಂಡಿಗೂ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಭೂಮಿಯ ಸೆಳೆತದಿಂದ ಅದು ಹಲವು ಮೀಟರ್ ಕೆಳಗಿಳಿಯುತ್ತದೆ. ಅಡ್ಡಗಾಳಿ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಹಿಮಾಲಯದ ಎತ್ತರದ ತೆಳುಗಾಳಿಯಲ್ಲಿ ಬಯಲುಸೀಮೆಯ ಲೆಕ್ಕ ನಡೆಯುವುದಿಲ್ಲ. ಆದುದರಿಂದ ಗುರಿಕಾರನ ಪಕ್ಕದಲ್ಲಿ ದೂರ, ಗಾಳಿ, ಬೆಳಕುಗಳನ್ನು ಅಳೆದು ಹೇಳುವ ಜೊತೆಗಾರನೊಬ್ಬನಿರುತ್ತಾನೆ. ಅವನು ನೋಡಿ ಹೇಳಬೇಕು, ಇವನು ಕೇಳಿ ನಂಬಬೇಕು. ಹೇಳುವವನಿಗೂ ಮಾಡುವವನಿಗೂ ನಡುವೆ ಇರುವ ಅಂತರ ಒಂದು ಮೊಳ ಮಾತ್ರ.

ಮೊಳವು ಹರದಾರಿಯಾದಾಗ

ಈ ಅಂತರವು ನೂರಾರು ಹರದಾರಿಯಾದರೆ ಆಗುವ ಅನರ್ಥವನ್ನು ೧೮೫೭ನೆಯ ವರ್ಷ ತೋರಿಸಿತು. ಎನ್‌ಫೀಲ್ಡ್ ರೈಫಲಿನ ತೋಟೆಗೆ ಸವರಿದ ಜಿಡ್ಡು ದನ ಮತ್ತು ಹಂದಿಯ ಕೊಬ್ಬೆಂಬ ಸುದ್ದಿ ಆ ವರ್ಷದ ಜನವರಿಯಲ್ಲಿ ಬಂಗಾಲದ ದಂಡಿನಲ್ಲಿ ಹಬ್ಬಿತು. ಸಿಪಾಯಿಗಳೇ ಪೇಟೆಯಿಂದ ಜಿಡ್ಡು ತಂದು ಸವರಿಕೊಳ್ಳಲೆಂದು ಬಾರಕಪುರದ ಜನರಲ್ ಹಿಯರ್ಸಿ ಕಲಕತ್ತೆಗೆ ಬರೆದನು. ಕಾಗದಗಳು ಮೇಜಿನಿಂದ ಮೇಜಿಗೆ ಸಾಗಿ ಒಪ್ಪಿಗೆ ಬರುವಷ್ಟರಲ್ಲಿ ಸಂದೇಹವು ದಂಡಿನಿಂದ ದಂಡಿಗೆ ಹರಡಿಹೋಗಿತ್ತು. ಆ ಕಾಲದ ಅತಿ ದೂರದ ಗುರಿಯ ಆಯುಧವನ್ನು ಆರಿಸಿದ ದಫ್ತರವು, ಅದನ್ನು ಹಿಡಿಯುವ ಮನುಷ್ಯನ ಮೇಲೆ ಲಕ್ಷ್ಯವಿಡಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಆಯುಧವುಳ್ಳವರೆಲ್ಲರೂ ಅದನ್ನು ನೋಂದಾಯಿಸಿ ಪರವಾನಗಿ ಪಡೆಯತಕ್ಕದ್ದು ಎಂಬ ಹುಕುಂ, ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಗೂ ತಲುಪಿತು. ಕಾಯಿದೆ ಬರೆದವರ ಪಾಲಿಗೆ ಬಂದೂಕು ಎಂದರೆ ಪಟ್ಟಿಯೊಳಗಿನ ಒಂದು ಸಾಲು. ಹಲಗಲಿಯ ಬೇಡರ ಪಾಲಿಗೆ ಅದು ಬೇಟೆಯ ಅನ್ನ, ಊರ ಕಾವಲು, ಕುಲದ ಮಾನ. ಇಂದು ಬರೆಸಿದರೆ ನಾಳೆ ಕಸಿದುಕೊಳ್ಳುವರೆಂಬ ಭಯವೂ ಇತ್ತು. ಸಂಸ್ಥಾನದ ಅಧಿಕಾರಿಗಳ ಮಾತು ಫಲಿಸಲಿಲ್ಲ. ನವೆಂಬರ್ ೨೯ರಂದು ಕಲಾದಗಿಯಿಂದ ಮಾಲ್ಕಮ್ಮನ ಕುದುರೆದಂಡು ಬಂದು ಊರನ್ನು ಮುತ್ತಿತು. ಸುಮಾರು ನೂರು ಜನ ಮಡಿದರು, ೨೯೦ ಜನ ಸೆರೆಯಾದರು. ಡಿಸೆಂಬರ್ ೧೧ರಂದು ಮುಧೋಳದ ಸಂತೆಯ ದಿನ ೧೩ ಜನರನ್ನೂ, ೧೪ರಂದು ಹಲಗಲಿಯಲ್ಲಿ ೬ ಜನರನ್ನೂ ಗಲ್ಲಿಗೇರಿಸಿದರು.

ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಮಕ್ಕಳು ಓದಿದ ಲಾವಣಿಯ ವಸ್ತು ಇದೇ. ಹನುಮ, ಬಾಲ, ಜಡಗ, ರಾಮರ ಹೆಸರುಗಳು ಅದರಿಂದಲೇ ಮನೆಮನೆಯ ಮಾತಾದವು. ಜೆ. ಎಫ್. ಫ್ಲೀಟರು ೧೮೮೦ರ ದಶಕದಲ್ಲಿ ಇದನ್ನು ಸಂಗ್ರಹಿಸಿ ಪ್ರಕಟಿಸಿದರು. ಪಾಠ ಹೇಳುವವರು ಶೌರ್ಯವನ್ನು ಕೊಂಡಾಡಿದರೆ ಸಾಲದು, ಕಾರಣವನ್ನೂ ವಿವರಿಸಬೇಕು. ಸರಕಾರವು ಅಂದು ಬಿಟ್ಟುದು ಶಬ್ದವೇಧಿ ಬಾಣ. ದೂರದಲ್ಲಿ ದಂಗೆಯ ಸದ್ದು ಕೇಳಿ, ನೋಡದೆ ಬಿಟ್ಟ ಹುಕುಂ ಅದು.

ಇದಕ್ಕೆ ನಲವತ್ತು ವರ್ಷ ಮೊದಲು ಬಾದಾಮಿಯಲ್ಲಿ ಇದರ ವಿಪರ್ಯಾಸ ನಡೆದಿತ್ತು. ೧೮೧೭ರಲ್ಲಿ ಪೇಶವೆಯೊಡನೆ ಯುದ್ಧ ಆರಂಭವಾದಾಗ ಥಾಮಸ್ ಮನ್ರೋ ಸೈನ್ಯದ ಅಧಿಪತ್ಯವನ್ನು ಕೇಳಿದನು. ಮೇಲಿನವರು ಅದನ್ನು ಕೊಡದೆ ಧಾರವಾಡ ಸೀಮೆಯ ಆಡಳಿತಕ್ಕೆ ಕಳುಹಿಸಿದರು. ದೊರೆತ ದಂಡು ಅತ್ಯಲ್ಪ. ಆದರೆ ಬಳ್ಳಾರಿ ಸೀಮೆಯಲ್ಲಿ ವರ್ಷಗಟ್ಟಲೆ ಕಂದಾಯದ ಕೆಲಸ ಮಾಡಿ ಜನರನ್ನು ಬಲ್ಲವನಾಗಿದ್ದ ಆತನು ಊರವರಿಂದಲೇ ಕಾಲಾಳುಗಳನ್ನು ಕೂಡಿಸಿದನು. ಬಲಿಷ್ಠವೆಂದು ಹೆಸರಾದ ಬಾದಾಮಿಯ ಕೋಟೆ ೧೮೧೮ರ ಫೆಬ್ರವರಿಯಲ್ಲಿ ಅವನ ವಶವಾಯಿತು. ಕೆಲವೇ ದಿನಗಳಲ್ಲಿ ಬಾಗಲಕೋಟೆಯೂ ಶರಣಾಯಿತು. ಪರರಾಜ್ಯವನ್ನು ಗೆದ್ದವನೆಂದು ಅವನನ್ನು ಹೊಗಳಬೇಕಾಗಿಲ್ಲ. ಆದರೆ ಹುಕುಂ ಮಾಡುವವನು ನೆಲವನ್ನು ಬಲ್ಲವನಾದರೆ ಅಲ್ಪಬಲವೂ ಸಾಕೆಂಬ ಪಾಠವನ್ನು ಶತ್ರುವಿನಿಂದಲೂ ಕಲಿಯಬಹುದು.

ಸ್ವತಂತ್ರ ಭಾರತದ ಅನುಭವ

ದಫ್ತರದ ದೂರವು ಪರಕೀಯರೊಡನೆ ಹೋಗಲಿಲ್ಲ. ಭಾರತದ ಸೈನ್ಯದ ಗುರಿಕಾರರು ದಶಕಗಳ ಕಾಲ ರಷ್ಯಾ ಮೂಲದ ಡ್ರಾಗುನೊವ್ ರೈಫಲನ್ನೇ ನೆಚ್ಚಿಕೊಂಡಿದ್ದರು. ಅದರ ಪರಿಣಾಮಕಾರಿ ದೂರ ಸುಮಾರು ೮೦೦ ಮೀಟರ್. ೫,೭೧೯ ಹೊಸ ರೈಫಲುಗಳಿಗಾಗಿ ೨೦೧೮ರಲ್ಲಿ ಕರೆದ ಟೆಂಡರು ೨೦೧೯ರಲ್ಲಿ ರದ್ದಾಯಿತು. ಉತ್ತರದ ಗಡಿಗೆ ಅಲ್ಪಸಂಖ್ಯೆಯಲ್ಲಿ ವಿದೇಶೀ ರೈಫಲುಗಳನ್ನು ತುರ್ತಾಗಿ ಕೊಳ್ಳಬೇಕಾಯಿತು. ಈ ನಡುವೆ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಸಂಸ್ಥೆ ‘ವೈಪರ್’, ‘ಸೇಬರ್’ ಎಂಬ ರೈಫಲುಗಳನ್ನು ಸ್ವದೇಶದಲ್ಲಿಯೇ ರೂಪಿಸಿತು. ಎರಡನೆಯದರ ವ್ಯಾಪ್ತಿ ೧,೫೦೦ ಮೀಟರ್ ಎಂದು ಹೇಳಲಾಗಿದೆ. ಕನ್ನಡನಾಡಿನ ಕಾರ್ಯಾಗಾರದಲ್ಲಿ ಕೌಶಲಕ್ಕೆ ಕೊರತೆಯಿಲ್ಲ.

ನಿಯಮಗಳೇ ಬೇಡವೆಂದು ಇದರ ಅರ್ಥವಲ್ಲ. ಸೈನ್ಯದ ಖರ್ಚು ಪ್ರಜೆಯ ತೆರಿಗೆಯ ಹಣ. ಲೆಕ್ಕವಿಲ್ಲದ ಅವಸರವು ಲಂಚಕ್ಕೆ ಬಾಗಿಲು. ಪರೀಕ್ಷೆ ಮಾಡದೆ ಕೊಂಡ ಆಯುಧವು ಹಿಡಿದವನನ್ನೇ ಕೊಂದೀತು. ಆದರೆ ಒಂದೊಂದು ರುಜುವಿಗೆ ಕಾಯುವ ಒಂದೊಂದು ತಿಂಗಳನ್ನೂ ಗಡಿಯ ಬಂಡೆಯ ಮರೆಯಲ್ಲಿ ಮಲಗಿದ ಯೋಧನು ತನ್ನ ಪ್ರಾಣದಿಂದ ಅಳೆಯುತ್ತಾನೆಂಬುದನ್ನು ರುಜು ಮಾಡುವವನು ಮರೆಯಲಾಗದು.

ಉಪಸಂಹಾರ

ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದವರು. ಅಂದರೆ ದಫ್ತರದ ಮನುಷ್ಯರೇ. ಲೆಕ್ಕ ಬರೆಯುವುದನ್ನು ಅವರು ಕೀಳೆಂದು ಬಗೆಯಲಿಲ್ಲ, ಕಾಯಕವೆಂದು ನಡೆಸಿದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣರ ತತ್ತ್ವಕ್ಕೆ ಇನ್ನೊಂದು ಮುಖವೂ ಉಂಟು: ಯಾವ ಕಾಯಕಕ್ಕೂ ಅಲಕ್ಷ್ಯದ ವಿನಾಯಿತಿ ಇಲ್ಲ. ಗುರಿಕಾರನು ಉಸಿರು ಬಿಗಿಹಿಡಿದು ನೋಡುವಷ್ಟೇ ಎಚ್ಚರದಿಂದ ಗುಮಾಸ್ತನು ಕಡತವನ್ನು ನೋಡಬೇಕು.

ಇಳಕಲ್ಲ ನೇಕಾರನು ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾನೆ. ಕೊಂಡಿ ತಪ್ಪಿದಲ್ಲಿ ಬಟ್ಟೆ ಎರಡಾಗುತ್ತದೆ. ಕಾಯಿದೆಗೂ ಜನಕ್ಕೂ, ದಫ್ತರಕ್ಕೂ ದಂಡಿಗೂ ಅಂಥ ಕೊಂಡಿ ಬೇಕು. ಮಠದ ಶಾಲೆಗಳಲ್ಲಿ ಕಲಿತ ಮಕ್ಕಳಲ್ಲಿ ಕೆಲವರು ಬಂದೂಕು ಹಿಡಿದು ಗಡಿಗೆ ಹೋಗುವರು, ಹಲವರು ಲೇಖನಿ ಹಿಡಿದು ಕಚೇರಿಗಳಲ್ಲಿ ಕುಳ್ಳಿರುವರು. ಇಬ್ಬರಿಗೂ ಗುರುಗಳು ಹೇಳಬೇಕಾದ ಮಾತು ಒಂದೇ; ಅದನ್ನು ಅವರು ದಿನವೂ ತರಗತಿಯಲ್ಲಿ ಹೇಳುತ್ತಲೇ ಇದ್ದಾರೆ: ಲಕ್ಷ್ಯ ಕೊಡಿ.