ಚಿಂಗ್‌ಮಿಂಗ್: ಒಲೆ ಹಚ್ಚದ ಹಬ್ಬ, ಕಾಗದ ಸುಡುವ ಹಬ್ಬ

ಚೀನಾದ ಹಬ್ಬ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಕೆಂಪು ಲಾಟೀನು, ಡ್ರ್ಯಾಗನ್ ಕುಣಿತ, ಪಟಾಕಿ. ಅದು ಅವರ ಹೊಸವರ್ಷ. ಈ ಸಲ ಅದನ್ನು ಪಕ್ಕಕ್ಕಿಟ್ಟು, ಅಷ್ಟು ಸದ್ದು ಮಾಡದ ಇನ್ನೊಂದು ಹಬ್ಬವನ್ನು ನೋಡೋಣ. ಹೆಸರು ಚಿಂಗ್‌ಮಿಂಗ್. 'ಚಿಂಗ್' ಅಂದರೆ ತಿಳಿ, 'ಮಿಂಗ್' ಅಂದರೆ ಬೆಳಕು. ಆ ದಿನ ಮನೆಮಂದಿಯೆಲ್ಲ ಹಿರಿಯರ ಸಮಾಧಿಗೆ ಹೋಗಿ, ಕಳೆ ಕಿತ್ತು, ಗುಡಿಸಿ, ಎಡೆ ಇಟ್ಟು ಬರುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಯ್ತಲ್ವಾ? ಆದರೆ ಒಂದು ವ್ಯತ್ಯಾಸ ಇದೆ. ಚಿಂಗ್‌ಮಿಂಗ್‌ಗೆ ತಿಥಿ ಇಲ್ಲ.

ಚೀನೀಯರ ದೊಡ್ಡ ಹಬ್ಬಗಳಲ್ಲಿ ಹೆಚ್ಚಿನವು ಚಂದ್ರನ ಲೆಕ್ಕದವು. ಇದು ಸೂರ್ಯನ ಲೆಕ್ಕದ್ದು. ಆಕಾಶದಲ್ಲಿ ಸೂರ್ಯ ಒಂದು ವರ್ಷದಲ್ಲಿ ಸಾಗುವ 360 ಡಿಗ್ರಿ ದಾರಿಯನ್ನು ಅವರು 24 ಭಾಗ ಮಾಡಿದ್ದಾರೆ, ಒಂದೊಂದೂ 15 ಡಿಗ್ರಿ. ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮ ಆಗುವ ಬಿಂದು ಸೊನ್ನೆ. ಅಲ್ಲಿಂದ ಸೂರ್ಯ 15 ಡಿಗ್ರಿ ಮುಂದೆ ಬಂದಾಗ ಚಿಂಗ್‌ಮಿಂಗ್. ಹಾಗಾಗಿಯೇ ಅದು ಹೆಚ್ಚಾಗಿ ಏಪ್ರಿಲ್ 4 ಅಥವಾ 5ಕ್ಕೆ ಬರುತ್ತದೆ, ನಮ್ಮ ಮಕರ ಸಂಕ್ರಾಂತಿ ಜನವರಿ 14-15ನ್ನು ಬಿಟ್ಟು ಕದಲದ ಹಾಗೆ. ಊರಲ್ಲಿ ಬೇಸಾಯ ಇರುವವರಿಗೆ ಇದು ಇನ್ನೂ ಬೇಗ ಅರ್ಥ ಆಗುತ್ತೆ: ರೋಹಿಣಿ ಮಳೆ, ಮೃಗಶಿರ ಮಳೆ ಅಂತ ನಮ್ಮ ರೈತರು ಎಣಿಸೋದೂ ಸೂರ್ಯನ ದಾರಿಯನ್ನೇ. ನಾವು ಅದನ್ನು 27 ಭಾಗ ಮಾಡಿಕೊಂಡೆವು, ಅವರು 24. ಅಧಿಕಮಾಸದ ತರ್ಕವೂ ಹತ್ತಿರ ಹತ್ತಿರ ಒಂದೇ. ಸಂಕ್ರಾಂತಿ ಬೀಳದ ಚಾಂದ್ರಮಾಸ ನಮಗೆ ಅಧಿಕ. ಅವರು ಆ 24ರಲ್ಲಿ ಒಂದು ಬಿಟ್ಟು ಒಂದು ಗುರುತು ಹಿಡಿದು, ಅಂಥ 12ರಲ್ಲಿ ಒಂದೂ ಬೀಳದ ತಿಂಗಳನ್ನು ನೋಡುತ್ತಾರೆ. ಈ 24ರ ಲೆಕ್ಕವನ್ನು 2016ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಸರಿ, ಇದು ಬರೀ ಋತುವಿನ ಗುರುತು. ಇದಕ್ಕೆ ಸಮಾಧಿ ಎಲ್ಲಿಂದ ಅಂಟಿಕೊಂಡಿತು? ಪಕ್ಕದ ಹಬ್ಬದಿಂದ. ಹಾನ್‌ಶಿ, ಅಂದರೆ ತಣ್ಣನೆಯ ಊಟ. ಆಗ ಒಲೆ ಹಚ್ಚುವ ಹಾಗಿಲ್ಲ, ಮೊದಲೇ ಮಾಡಿಟ್ಟದ್ದನ್ನೇ ತಿನ್ನಬೇಕು. ಅದಕ್ಕೊಂದು ಕಥೆ ಇದೆ.

ಜಿನ್ ರಾಜ್ಯದ ರಾಜಕುಮಾರ ಚೊಂಗ್‌ಅರ್ 19 ವರ್ಷ ದೇಶಾಂತರ ಅಲೆದ. ಜೊತೆಗಿದ್ದ ಕೆಲವರಲ್ಲಿ ಜಿಯೆ ಜಿತುಯಿ ಒಬ್ಬ. ಒಮ್ಮೆ ತಿನ್ನಲು ಏನೂ ಸಿಗದಾಗ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಸಾರು ಮಾಡಿ ಕೊಟ್ಟನಂತೆ. ಕ್ರಿ.ಪೂ. 636ರಲ್ಲಿ ರಾಜಕುಮಾರ ಪಟ್ಟಕ್ಕೆ ಬಂದ, ಎಲ್ಲರಿಗೂ ಬಹುಮಾನ ಹಂಚಿದ, ಇವನನ್ನು ಮಾತ್ರ ಮರೆತ. ಜಿಯೆ ಕೇಳಲೂ ಹೋಗಲಿಲ್ಲ. ತಾಯಿಯನ್ನು ಕರೆದುಕೊಂಡು ಮಿಯೆನ್‌ಷಾನ್ ಬೆಟ್ಟ ಸೇರಿದ. ತಡವಾಗಿ ಎಚ್ಚೆತ್ತ ದೊರೆ ಅವನನ್ನು ಹೊರಗೆ ಬರಿಸಲು ಕಾಡಿಗೆ ಬೆಂಕಿ ಹಾಕಿಸಿದ. ಅವನು ಬರಲಿಲ್ಲ. ತಾಯಿ, ಮಗ ಇಬ್ಬರೂ ಒಂದು ವಿಲೋ ಮರದ ಬುಡದಲ್ಲಿ ಸುಟ್ಟುಹೋಗಿದ್ದರು. ಆ ದಿನ ಯಾರೂ ಬೆಂಕಿ ಹಚ್ಚಬಾರದು ಅಂತ ದೊರೆಯ ಅಪ್ಪಣೆ ಆಯಿತು.

ಕಥೆ ಚೆನ್ನಾಗಿದೆ, ಆದರೆ ಇತಿಹಾಸ ಅಷ್ಟನ್ನು ಹೇಳೋದಿಲ್ಲ. ಹಳೆಯ ದಾಖಲೆಯಾದ 'ಜುವೊ ಜುವಾನ್'ನಲ್ಲಿ ತೊಡೆಯೂ ಇಲ್ಲ, ಬೆಂಕಿಯೂ ಇಲ್ಲ. ಜಿಯೆ ತಾಯಿಯ ಜೊತೆ ಮರೆಯಾಗಿ ಹಾಗೇ ತೀರಿಕೊಂಡ, ದೊರೆ ಅವನ ಹೆಸರಿಗೆ ಹೊಲ ಬಿಟ್ಟ, ಅಷ್ಟೇ. ವರ್ಷಕ್ಕೊಮ್ಮೆ ಹಳೇ ಬೆಂಕಿ ಆರಿಸಿ ಹೊಸದು ಹೊತ್ತಿಸುವ ಪದ್ಧತಿಗೆ ಈ ಕಥೆ ಆಮೇಲೆ ಅಂಟಿಕೊಂಡಿತು ಅನ್ನುವ ವಿದ್ವಾಂಸರಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತೆ. ಆದರೂ ಬೆಟ್ಟದ ಹತ್ತಿರದ ಊರಿನ ಹೆಸರು ಇವತ್ತಿಗೂ ಜಿಯೆಶಿಯೂ, 'ಜಿಯೆ ಮಲಗಿದ ಜಾಗ'.

ನಂಬಿದವರಿಗೆ ಇದು ಬರೀ ಕಥೆಯಾಗಿ ಉಳಿಯಲಿಲ್ಲ. ಎರಡನೇ ಶತಮಾನದ ಹೊತ್ತಿಗೆ ಆ ಭಾಗದ ಜನ ನಡು ಚಳಿಗಾಲದಲ್ಲಿ ಒಂದು ತಿಂಗಳು ಒಲೆ ಹಚ್ಚುತ್ತಿರಲಿಲ್ಲ. ಉತ್ತರ ಚೀನಾದ ಚಳಿಯಲ್ಲಿ ತಿಂಗಳಿಡೀ ತಂಗಳು! ಮುದುಕರು, ಮಕ್ಕಳು ಸಾಯುತ್ತಿದ್ದರು. ಚೌ ಜು ಎಂಬ ಅಧಿಕಾರಿ ಜಿಯೆಯ ಗುಡಿಗೇ ಹೋಗಿ, ಇದು ನಿನಗೂ ಇಷ್ಟ ಇರಲಾರದು ಅಂತ ಬರೆದಿಟ್ಟು ಬಂದ, ಬಿಸಿ ಊಟ ಮಾಡಿ ಅಂತ ಜನಕ್ಕೆ ತಿಳಿಹೇಳಿದ. 206ರಲ್ಲಿ ತ್ಸಾವ್ ತ್ಸಾವ್ ಇನ್ನೂ ಬಿಗಿ ಮಾಡಿದ: ಆಚರಿಸಿದ ಮನೆಯ ಯಜಮಾನನಿಗೆ ಆರು ತಿಂಗಳ ಶಿಕ್ಷೆ, ಆ ಜಾಗದ ಗುಮಾಸ್ತನಿಗೆ 100 ದಿನ, ಮೇಲಧಿಕಾರಿಗೆ ಒಂದು ತಿಂಗಳ ಸಂಬಳ ಕಟ್. ಜನ ಕೇಳಲಿಲ್ಲ. ಹಬ್ಬ ನಿಲ್ಲುವ ಬದಲು ದೇಶದ ಬೇರೆ ಕಡೆಗೂ ಹರಡಿತು.

ತಾಂಗ್ ವಂಶದ ಹೊತ್ತಿಗೆ ಹಾನ್‌ಶಿ ಚಿಂಗ್‌ಮಿಂಗ್‌ನ ಹಿಂದಿನ ಮೂರು ದಿನಕ್ಕೆ ಇಳಿದಿತ್ತು, ಸಮಾಧಿಗೆ ಹೋಗೋದು ಆಗಲೇ ರೂಢಿಯಾಗಿತ್ತು. ಶಾಸ್ತ್ರಗ್ರಂಥಗಳಲ್ಲಿ ಅದಿರಲಿಲ್ಲ. 732ರಲ್ಲಿ ಶುವಾನ್‌ಜೊಂಗ್ ಚಕ್ರವರ್ತಿ ಅದನ್ನು ವಿಧಿಯಾಗಿ ಒಪ್ಪಿಕೊಂಡ. 736ರಲ್ಲಿ ಎರಡಕ್ಕೂ ಸೇರಿಸಿ ನಾಲ್ಕು ದಿನ ರಜೆ ಕೊಟ್ಟ. ಮುಂದೆ ತಣ್ಣನೆಯ ಊಟ ಸವೆಯಿತು, ಸಮಾಧಿ ಚಿಂಗ್‌ಮಿಂಗ್‌ಗೆ ಉಳಿಯಿತು.

ಆಚರಣೆ ಸರಳ. ಗುಡ್ಡೆಗೆ ಹೊಸ ಮಣ್ಣು ಹಾಕುತ್ತಾರೆ, ಊದುಬತ್ತಿ, ಹಣ್ಣು, ಮದ್ಯ ಇಟ್ಟು ಬಾಗುತ್ತಾರೆ, ಸತ್ತವರ ಖರ್ಚಿಗೆ ಅಂತ ಕಾಗದದ ನೋಟು ಸುಡುತ್ತಾರೆ. ಈಗ ಕಾಗದದ ಕಾರು, ಕಾಗದದ ಮೊಬೈಲೂ ಸಿಗುತ್ತೆ. ಬಾಗಿಲಿಗೆ ವಿಲೋ ಕೊಂಬೆ ಸಿಕ್ಕಿಸುತ್ತಾರೆ. ಯಾಂಗ್‌ತ್ಸೆ ನದಿಯ ಕೆಳಭಾಗದಲ್ಲಿ ಎಳೆ ಸೊಪ್ಪಿನ ರಸ ಹಾಕಿ ಅಂಟಕ್ಕಿ ಹಿಟ್ಟಿನ ಹಸಿರು ಕಡುಬು ಮಾಡುತ್ತಾರೆ, ಒಳಗೆ ಸಿಹಿ ಹೂರಣ. ಅದನ್ನು ತಣ್ಣಗೇ ತಿನ್ನಬಹುದು. ಹಾನ್‌ಶಿ ಹೋದರೂ ಅದರ ಊಟ ಹೀಗೆ ಉಳಿದಿದೆ. ಬಂದವರು ಹಾಗೇ ಬಯಲಿನಲ್ಲಿ ಗಾಳಿಪಟ ಹಾರಿಸುವುದೂ ಉಂಟು. ಅಳುವುದಕ್ಕೂ ಆಡುವುದಕ್ಕೂ ಒಂದೇ ದಿನ.

1976ರ ಜನವರಿ 8ರಂದು ಪ್ರಧಾನಿ ಚೌ ಎನ್‌ಲೈ ತೀರಿಕೊಂಡರು. ಏಪ್ರಿಲ್ 4, ಚಿಂಗ್‌ಮಿಂಗ್ ದಿನ, ಬೀಜಿಂಗಿನ ತಿಯಾನನ್‌ಮೆನ್ ಚೌಕದ ಸ್ಮಾರಕದ ಸುತ್ತ ಜನ ಹೂಮಾಲೆ, ಕವಿತೆಗಳನ್ನು ರಾಶಿ ಹಾಕಿದರು. ಹೊಗಳಿಕೆ ಚೌ ಅವರಿಗೆ, ಚುಚ್ಚು ಅಧಿಕಾರದಲ್ಲಿದ್ದವರಿಗೆ. ರಾತ್ರೋರಾತ್ರಿ ಎಲ್ಲವನ್ನೂ ತೆಗೆಸಿದರು. ಮರುದಿನ ಬರಿದಾದ ಚೌಕ ಕಂಡು ಜನ ಸಿಟ್ಟಿಗೆದ್ದರು. ಸರ್ಕಾರ ಬಲ ಬಳಸಿ ಚದುರಿಸಿ, ಇದನ್ನು ಕ್ರಾಂತಿವಿರೋಧಿ ಕೃತ್ಯ ಎಂದಿತು. ಡೆಂಗ್ ಶಿಯಾಪಿಂಗ್ ಹುದ್ದೆ ಕಳೆದುಕೊಂಡರು. ಆ ತೀರ್ಮಾನವನ್ನು 1978ರ ಕೊನೆಗೆ ಹಿಂದಕ್ಕೆ ಪಡೆದರು. ಮೂಢನಂಬಿಕೆ ಅಂತ ಬದಿಗೆ ಸರಿಸಿದ್ದ ಹಬ್ಬಕ್ಕೆ ದೇಶದ ರಜೆ ಸಿಕ್ಕಿದ್ದು 2008ರಲ್ಲಿ.

ಈಗ ಸರ್ಕಾರದ ತಲೆನೋವು ಬೆಂಕಿಯೇ. ಒಣ ವಸಂತದಲ್ಲಿ ಬೆಟ್ಟದ ಸಮಾಧಿಗಳ ಹತ್ತಿರ ಕಾಗದ ಸುಟ್ಟರೆ ಕಾಡಿಗೆ ಹತ್ತಿಕೊಳ್ಳುತ್ತೆ. ಹಾಗಾಗಿ ಎಷ್ಟೋ ಊರುಗಳಲ್ಲಿ ಬೆಂಕಿ ನಿಷೇಧ. ಕೆಲವು ಸ್ಮಶಾನಗಳ ಬಾಗಿಲಲ್ಲಿ ಕಾಗದದ ನೋಟು ಇಸಿದುಕೊಂಡು ಸೇವಂತಿಗೆ ಕೊಡುತ್ತಾರೆ. ಜಿಯೆಗಾಗಿ ಒಲೆ ಹಚ್ಚಬೇಡಿ ಅಂದ ಹಬ್ಬಕ್ಕೆ ಎರಡೂವರೆ ಸಾವಿರ ವರ್ಷದ ಮೇಲೆ ಮತ್ತೆ ಅದೇ ಮಾತು, ಈ ಸಲ ಅರಣ್ಯ ಇಲಾಖೆಯ ಬೋರ್ಡಿನಲ್ಲಿ. ಬೋರ್ಡ್ ಕಂಡವರಲ್ಲಿ ಕೆಲವರು ಸೇವಂತಿಗೆ ಹಿಡಿದು ಒಳಗೆ ಹೋಗುತ್ತಾರೆ. ಇನ್ನು ಕೆಲವರು ಕತ್ತಲಾದ ಮೇಲೆ ರಸ್ತೆ ಕೂಡುವ ಕಡೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಅದರೊಳಗೆ ಅಜ್ಜನ ಪಾಲಿನ ನೋಟು ಸುಟ್ಟು ಬರುತ್ತಾರೆ.